ಅಮೆರಿಕಕ್ಕೆ ಹೋಗಿಬಂದ ರಾಣಿ ರೂಪಾಯಿ

ಹಳೇ ನಾಣ್ಯ ಕೂಡಿಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬರು ಮಾಡಿದ್ದಕ್ಕೆ ಎಲ್ಲರಿಗೂ ಯಾಕೆ ಬೈತೀಯ ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಹೋದದ್ದು ಅವರ ಮನೆಯ ರೂಪಾಯಿ ಅಲ್ಲವಲ್ಲ.

ನನ್ನ ತವರು ಮೂಡಿಗೆರೆ ಹತ್ತಿರ. ಅಪ್ಪ ಅಲ್ಲಿನ ಒಂದು ದೊಡ್ಡ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ನಮ್ಮ ದೇವರ ಪೆಟ್ಟಿಗೆಯಲ್ಲಿ ರಾಣಿಯ ಮುಖವಿದ್ದ ಒಂದು ಬೆಳ್ಳಿ ರೂಪಾಯಿ ಇತ್ತು. ಮನೆಯ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಮಡಿಲು ತುಂಬುವಾಗ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆಯ ಜೊತೆ ಆ ರೂಪಾಯಿಯನ್ನೂ ಹಾಕಿ ಕಳಿಸುತ್ತಿದ್ದರು. ಮೊದಲ ದೀಪಾವಳಿಗೆ ಮಗಳು ಅದನ್ನು ವಾಪಸು ತಂದು ಪೂಜೆಗೆ ಇಡಬೇಕು. ಅವಳೇ ತರಬೇಕು, ಬೇರೆಯವರ ಕೈಯಲ್ಲಿ ಕಳಿಸುವ ಹಾಗಿಲ್ಲ. ನಾನು ವಸ್ತಾರೆಗೆ ಮದುವೆಯಾಗಿ ಹೋದ ವರ್ಷ ನನ್ನ ಅತ್ತೆ, ಮನೆ ತುಂಬ ಕೆಲಸ ಬಿದ್ದಿದೆ, ಈ ಸಲ ತವರು ಬೇಡ ಅಂದಿದ್ದರು. ರೂಪಾಯಿ ಪೂಜೆಗೆ ಬೇಕು ಎಂದು ಅಮ್ಮ ಹೇಳಿಕಳಿಸಿದಳು. ದೇವರ ಕೆಲಸ ತಪ್ಪಿಸಿದ ಪಾಪ ನಮಗ್ಯಾಕೆ ಎಂದು ಅತ್ತೆಯೇ ನನ್ನನ್ನು ಬಸ್ಸು ಹತ್ತಿಸಿದರು.

ಆಮೇಲೆ ಕೆಲವು ವರ್ಷಕ್ಕೆ ಎಸ್ಟೇಟಿನ ಸಾಹುಕಾರರ ಬಂಗಲೆಗೆ ಕಂಪ್ಯೂಟರ್ ಬಂತು, ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ಟೂ ಬಂತು. ಅದರ ಜೊತೆಗೆ ನಾಣ್ಯದ ಹುಚ್ಚೂ ಬಂತು. ನಾಣ್ಯವನ್ನು ಅಮೆರಿಕದ ಯಾವುದೋ ಕಂಪನಿಗೆ ಕಳಿಸುವುದಂತೆ. ಅವರು ಅದನ್ನು ಪರೀಕ್ಷೆ ಮಾಡಿ, ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ದೀಪ ಬಿಟ್ಟು ಭರ್ಜರಿ ಫೋಟೋ ತೆಗೆಯುತ್ತಾರಂತೆ. ಆ ಫೋಟೋವನ್ನು ಇವರೆಲ್ಲ ಕಂಪ್ಯೂಟರಿನಲ್ಲಿ ಹಾಕಿ ಒಬ್ಬರಿಗೊಬ್ಬರು ತೋರಿಸಿಕೊಂಡು ವಾಹ್ ವಾಹ್ ಅನ್ನುವುದು. ನಾಣ್ಯ ಮಾತ್ರ ಬ್ಯಾಂಕಿನ ಲಾಕರಿಗೆ.

ಒಂದು ಹಬ್ಬದಲ್ಲಿ ನಮ್ಮ ಮನೆಗೆ ಬಂದ ಸಾಹುಕಾರರು ಪೂಜೆಗಿಟ್ಟ ರೂಪಾಯಿ ನೋಡಿದರು. ನನ್ನವು ಒಂದಷ್ಟು ಹೋಗ್ತಿವೆ, ಇದೂ ಹೋಗಿಬರಲಿ ಅಂದರು. ಅವರ ಮಾತು ಮುಗಿಯುವ ಮೊದಲೇ ಅಪ್ಪ ಹೂಂ ಅಂದಾಗಿತ್ತು. ಅಮ್ಮ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಫಳಫಳ ಹೊಳೆಯಿಸಿಯೇ ಕೊಟ್ಟಳು. ದೊಡ್ಡವರ ಕೈಗೆ, ಅದರಲ್ಲೂ ಪರದೇಶಕ್ಕೆ ಹೋಗುವ ವಸ್ತುವನ್ನು ಕೊಳೆ ಮುಖದಲ್ಲಿ ಕಳಿಸುವುದುಂಟೇ?

ತಿಂಗಳುಗಟ್ಟಲೆ ಕಾದ ಮೇಲೆ ಬಂಗಲೆಯಿಂದ ಕರೆ ಬಂತು. ಕಂಪ್ಯೂಟರಿನ ತುಂಬ ನಮ್ಮ ರೂಪಾಯಿ, ಊಟದ ತಟ್ಟೆಯಷ್ಟು ದೊಡ್ಡದು. ಸುಳ್ಳು ಯಾಕೆ ಹೇಳಲಿ, ರಾಣಿಯ ಒಂದೊಂದು ಕೂದಲೂ ಕಾಣುತ್ತಿತ್ತು, ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಅದಕ್ಕೆ ಅಂಕ ಕೊಟ್ಟಿರಲಿಲ್ಲ. ಉಜ್ಜಿದ ನಾಣ್ಯ ಎಂದು ಡಬ್ಬಿಯ ಮೇಲೆ ಬರೆದಿದ್ದರು. ಉಜ್ಜಿದರೆ ಹಳೇ ನಾಣ್ಯದ ಬೆಲೆಯೇ ಹೋಗುತ್ತದಂತೆ, ಈ ಮಂದಿಗೆ ಅದು ಮಹಾಪರಾಧವಂತೆ. ಫೋಟೋದ ಕೆಳಗೆ ಯಾವುದೋ ದೇಶದವನು, ಇದನ್ನು ತಿಕ್ಕಿದವರ ಕೈ ಕಡಿಯಬೇಕು ಎಂದು ಬರೆದಿದ್ದ. ಸಾಹುಕಾರರು ಅದನ್ನು ಕನ್ನಡಕ್ಕೆ ತಿರುಗಿಸಿ, ನಗುತ್ತಾ, ಅಮ್ಮನಿಗೆ ಓದಿ ಹೇಳಿದರು. ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಮ್ಮ ದೇವರ ಮುಂದಿನ ರೂಪಾಯಿ, ನಮ್ಮ ಹುಣಸೆಹಣ್ಣು, ನಡುವೆ ಮಾತಾಡಲು ಇವನ್ಯಾವ ಊರ ದೊಣ್ಣೆನಾಯಕ? ನನ್ನ ನಾಲಿಗೆ ತುದಿಗೆ ಬಂದಿತ್ತು. ಅಪ್ಪ ಕಣ್ಣಲ್ಲೇ ಗದರಿದರು.

ಮುಂದಿನ ಬೇಸಿಗೆಯಲ್ಲಿ ತಂಗಿಗೆ ಕಳಸದ ಕಡೆ ಮದುವೆ ಗೊತ್ತಾಯಿತು. ರೂಪಾಯಿ ಕೇಳಿ ತರಲು ಹೋದ ಅಪ್ಪ ಅದರ ಫೋಟೋ ಹಿಡಿದುಕೊಂಡು ಬಂದರು. ರೂಪಾಯಿ ಬೆಂಗಳೂರಿನ ಲಾಕರಿನಲ್ಲಿದೆಯಂತೆ. ಇಲ್ಲಿಯ ಥಂಡಿಗೆ ಹಾಳಾಗುತ್ತದಂತೆ. ಅಸಲಿಗಿಂತ ಫೋಟೋದಲ್ಲೇ ಚೆನ್ನಾಗಿ ಕಾಣುತ್ತದೆ, ಮಡಿಲಿಗೆ ಇದನ್ನೇ ಹಾಕಿ ಎಂದಿದ್ದರಂತೆ ಸಾಹುಕಾರರು. ಮೋಸ ಮಾಡುವ ಉದ್ದೇಶ ಅವರಿಗಿರಲಿಲ್ಲ. ಉಪಕಾರ ಮಾಡಿದೆ ಎಂದೇ ತಿಳಿದಿದ್ದರಲ್ಲ, ಅದೇ ನನಗೆ ಸಹಿಸಲಾಗದ್ದು.

ಅಮ್ಮ ಫೋಟೋವನ್ನು ದೂರ ಹಿಡಿದು ನೋಡಿದಳು. "ಇಷ್ಟು ದೊಡ್ಡ ಪಟ ಸತ್ತೋರಿಗೆ ಮಾಡ್ಸೋದು ಕಣೆ" ಎಂದಳು.

ನಾನು ಹೋಗಿ ಕೇಳುತ್ತೇನೆ ಎಂದು ಎದ್ದೆ. ಶುಭಕಾರ್ಯದ ಹೊತ್ತಲ್ಲಿ ಉಪ್ಪು ತಿಂದ ಮನೆಯ ಜೊತೆ ಜಗಳ ಬೇಡ ಎಂದು ಅಪ್ಪ ಅಡ್ಡ ನಿಂತರು. ಮದುವೆಯ ದಿನ ಸಾಹುಕಾರರು ಚಪ್ಪರದಲ್ಲಿ ಮುಂದೆಯೇ ಕೂತಿದ್ದರು. ಅವರ ಎದುರಿಗೆ ಅಮ್ಮ ತಂಗಿಯ ಮಡಿಲಿನ ಅಕ್ಕಿಯ ಮೇಲೆ ಆ ಫೋಟೋ ಇಟ್ಟಳು. ಗಂಡಿನ ಕಡೆಯವರು ಬಗ್ಗಿ ಬಗ್ಗಿ ನೋಡಿದರು. ಇಂಥ ಫೋಟೋಕ್ಕೆ ದೀಪ ಯಾವ ಕಡೆಯಿಂದ ಬಿಡಬೇಕು ಎಂದು ಸಾಹುಕಾರರು ಅವರಿಗೆ ವಿವರಿಸುತ್ತಿದ್ದರು.

ದೀಪಾವಳಿಗೆ ಇನ್ನೊಂದೇ ದಿನವಿತ್ತು. ನಾನು ಮುಂಚೆಯೇ ಬಂದಿದ್ದೆ. ತಂಗಿಗೆ ಇಷ್ಟ ಎಂದು ಅಮ್ಮ ಕಡುಬಿಗೆ ಹಿಟ್ಟು ಮಾಡಿಟ್ಟು ದಾರಿ ನೋಡುತ್ತಿದ್ದಳು. ಬಂದವನು ಪೋಸ್ಟ್‌ಮ್ಯಾನ್. ಕವರಿನಲ್ಲಿ ಫೋಟೋ ಇತ್ತು. ಕಳಸಕ್ಕೆ ಫೋನ್ ಮಾಡಿದರೆ ತಂಗಿಯ ಅತ್ತೆ ಸಮಾಧಾನವಾಗಿಯೇ ಮಾತಾಡಿದರು. "ಪಟ ತಾನೆ, ಜೋಪಾನವಾಗಿ ರಿಜಿಸ್ಟರ್ ಮಾಡಿ ಕಳ್ಸಿದೀವಿ. ಪೂಜೆಗೆ ಸಿಕ್ತಲ್ಲ. ಅವಳು ಕೊಯ್ಲು ಮುಗಿದ್ಮೇಲೆ ಬರ್ತಾಳೆ ಬಿಡಿ" ಅಂದರು. ಅವರನ್ನು ಬೈದು ಏನು ಪ್ರಯೋಜನ? ಒಂದು ಫೋಟೋ ತಲುಪಿಸಲು ಸೊಸೆಯನ್ನು ಎರಡು ಬಸ್ಸು ಹತ್ತಿಸಿ ಯಾರು ಕಳಿಸುತ್ತಾರೆ? ಅವಳನ್ನು ಒಂದು ಮಾತಾಡಿಸಬಹುದಾ ಎಂದು ಅಮ್ಮ ಕೇಳಿದಳು. ತೋಟಕ್ಕೆ ಹೋಗಿದಾಳೆ ಅಂದರು. ಅಮ್ಮ ಫೋನಿಟ್ಟು ಹೋಗಿ ಕಡುಬಿನ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿದಳು.

ನಾನು ಕವರು ಎತ್ತಿಕೊಂಡು ನೆಟ್ಟಗೆ ಬಂಗಲೆಗೆ ನಡೆದೆ. ಪಟ ಬಂತು, ತಂಗಿ ಬರಲಿಲ್ಲ ಎಂದು ಸಾಹುಕಾರರಿಗೆ ಹೇಳಿದೆ. ಅವರು ಫೋಟೋವನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಅವರ ಮುಖ ನಿಜವಾಗಿಯೂ ಸಪ್ಪಗಾಯಿತು.

"ಅಯ್ಯೋ ಮಾರಾಯ್ತಿ, ಮೂಲೆ ಮಡಚಿ ಹೋಗಿದ್ಯಲ್ಲ. ಇರು, ಇನ್ನೊಂದು ಕಾಪಿ ತೆಗ್ಸಿ ಕೊಡ್ತೀನಿ."

"ಕಾಪಿ ಬೇಡ ಸಾಹುಕಾರ್ರೆ, ರೂಪಾಯಿ ತರ್ಸಿ. ಅದನ್ನ ಕಳಸಕ್ಕೆ ತಗೊಂಡು ಹೋಗಿ ಅವಳ ಕೈಗೆ ಕೊಟ್ಟು, ಅವಳನ್ನೇ ಕರ್ಕೊಂಡು ಬರ್ತೀನಿ."

ಬೆಂಗಳೂರು, ಲಾಕರು, ಹಬ್ಬದ ರಜೆ ಎಂದು ಅವರು ಶುರು ಮಾಡಿದರು. ಜಗಲಿಯಲ್ಲಿ ಬೆತ್ತದ ಕುರ್ಚಿಗಳಿದ್ದವು. ಅಪ್ಪ ರೈಟರ್ ಆಗಿದ್ದಷ್ಟು ಕಾಲವೂ ಅವುಗಳ ಪಕ್ಕ ನಿಂತೇ ಮಾತಾಡಿದವರು. ನಾನು ಒಂದನ್ನು ಎಳೆದುಕೊಂಡು ಕೂತೆ.

"ತರ್ಸಿ, ಕಾಯ್ತೀನಿ" ಎಂದೆ.