ಭಾನುವಾರ ರಜಾ ಹಾಕುತ್ತಿದ್ದ ಹಸು

ನಮ್ಮ ಹಸು ಕೆಂಪಿ ಭಾನುವಾರ ಅರ್ಧ ದಿನ ರಜಾ ಹಾಕುತ್ತಿದ್ದಳು. ಇದನ್ನು ಕಂಡುಹಿಡಿದವನು ನಾನಲ್ಲ, ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಒಂದು ಸಂಜೆ ನನ್ನ ಕ್ಯಾನಿನೊಳಗೆ ಬಗ್ಗಿ ನೋಡಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಏನ್ ಮೇಷ್ಟ್ರೇ, ಭಾನುವಾರ ನೀವು ಚರ್ಚಿಗೋದ್ರೆ ನಿಮ್ಮ ಹಸಾನೂ ರಜಾ ಹಾಕ್ತದಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಯ ದಾರಿ ಹಿಡಿದು ನೆನೆಸಿಕೊಂಡಾಗ ನಗು ಅಲ್ಲಿಗೇ ನಿಂತಿತು. ಮಾತು ನಿಜ. ಆರು ದಿನ ಸಂಜೆ ಕ್ಯಾನಿನ ಕತ್ತಿನವರೆಗೆ ಬರುವ ಹಾಲು ಭಾನುವಾರ ಸಂಜೆ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಹೊನ್ನವಳ್ಳಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ನಾನು ನಿವೃತ್ತ ಮೇಷ್ಟ್ರು, ಹೆಂಡತಿ ಎಲಿಸಮ್ಮ, ಒಂದಿಷ್ಟು ತೆಂಗಿನ ತೋಟ, ಸೀಮೆ ಹಸು ಕೆಂಪಿ, ಅದರ ಕರು ಕೃಪೆ. ಕರುವಿಗೆ ಆ ಹೆಸರಿಟ್ಟವಳು ಎಲಿಸಮ್ಮ. ಹೆರಿಗೆ ಕಷ್ಟವಾಗಿ, ಗೊರಸು ಕಂಡರೂ ತಲೆ ಕಾಣದೆ ನಾವಿಬ್ಬರೂ ಕೊಟ್ಟಿಗೆಯಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡಿದ ಮೇಲೆ ಹುಟ್ಟಿದ ಕರು ಅದು.

ನನಗೊಂದು ಜಂಬವಿತ್ತು, ಈಗಲೇ ಹೇಳಿಬಿಡುತ್ತೇನೆ. ಹುಟ್ಟಿದ ದಿನವೇ ಕರುವನ್ನು ತಾಯಿಯಿಂದ ಬೇರೆ ಮಾಡಿ ಬಾಟಲಿ ಹಾಲಿಗೆ ಹಾಕುವ ದೊಡ್ಡ ಫಾರಂಗಳ ವಿಷಯ ಓದಿದ್ದೆ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುವುದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೆ. ನಮ್ಮ ಮನೆಯಲ್ಲಿ ಅದೆಲ್ಲ ಕೂಡದು, ತಾಯಿ ಮಗು ಒಂದೇ ಕೊಟ್ಟಿಗೆಯಲ್ಲಿ ಒಟ್ಟಿಗಿರಬೇಕು ಎಂದು ಸಿಕ್ಕಿದವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಕ್ರಿಸ್‌ಮಸ್‌ಗೆ ಕಟ್ಟುವ ಬಾಲಯೇಸುವಿನ ಗೋದಲಿಯಲ್ಲಿಯೂ ಮಣ್ಣಿನ ಹಸುವಿಗೆ ಮಣ್ಣಿನ ಕರುವನ್ನು ಒತ್ತಿಯೇ ನಿಲ್ಲಿಸುತ್ತಿದ್ದೆ. ಜೀವವಿರುವ ಕರುವಿನ ವಿಷಯದಲ್ಲಿ ಮಾತ್ರ ಸಣ್ಣದೊಂದು ರಿಯಾಯಿತಿ ತೆಗೆದುಕೊಂಡಿದ್ದೆ. ಬೇರೆ ದಿನ ಕರು ಬೆಳಗಿನ ಹತ್ತರವರೆಗೆ ಬೇಕಾದಾಗ ಕುಡಿದುಕೊಂಡಿರುತ್ತಿತ್ತು, ಆಮೇಲೆ ನಾನು ಅದನ್ನು ಒಂದು ಮಾರು ದೂರಕ್ಕೆ ಕಟ್ಟುತ್ತಿದ್ದೆ. ಭಾನುವಾರ ನಾವು ಬೆಳಗ್ಗೆಯೇ ಬಸ್ಸು ಹಿಡಿದು ತಿಪಟೂರಿನ ಚರ್ಚಿಗೆ ಹೋದರೆ ಬರುವುದು ಮೂರು ಗಂಟೆಗೆ. ಹತ್ತು ಗಂಟೆಗೆ ಕಟ್ಟುವವರು ಯಾರು? ಅದಕ್ಕೆ ಎಲಿಸಮ್ಮ ತೆಂಗಿನ ನಾರಿನಿಂದ ಒಂದು ಬಾಯಿಕುಕ್ಕೆ ಹೆಣೆದುಕೊಟ್ಟಳು. ಹೊರಡುವ ಮುಂಚೆ ಅದನ್ನು ಕರುವಿನ ಮೂತಿಗೆ ಕಟ್ಟುವುದು, ಸಂಜೆ ಹಾಲು ಕರೆಯುವಾಗ ಬಿಚ್ಚುವುದು. ತಾಯಿ ಮಗು ಒಟ್ಟಿಗೇ ಇದ್ದವಲ್ಲ, ಇನ್ನೇನು?

ಕುಕ್ಕೆ ಹಾಕಿದ ದಿನ ಹಾಲು ಹೆಚ್ಚಾಗಬೇಕು, ಆದರೆ ಕಡಿಮೆಯಾಗುತ್ತಿದೆ. ಯಾರೋ ಕರೆದುಕೊಳ್ಳುತ್ತಿದ್ದಾರೆ ಎಂದು ಹೊಳೆಯಿತು. ಆ 'ಯಾರೋ' ಆಗಬಹುದಾದವರು ಒಬ್ಬರೇ ಇದ್ದರು. ಪಕ್ಕದ ತೋಟದ ಗೌರಕ್ಕ. ಭಾನುವಾರ ಮಧ್ಯಾಹ್ನ ಕೆಂಪಿಗೆ ನೀರಿಟ್ಟು ಹುಲ್ಲು ಹಾಕಲಿ ಎಂದು ಗೇಟಿನ ಬೀಗದಕೈ ಕೊಟ್ಟಿದ್ದುದು ಅವಳಿಗೇ. ನಾವು ಈ ಊರಿಗೆ ಬಂದ ಹೊಸದರಲ್ಲಿ ಮೊದಲು ಅಂಗಳಕ್ಕೆ ಬಂದು ಮಾತಾಡಿಸಿದವಳು, ಎಲಿಸಮ್ಮನಿಗೆ ಟೈಫಾಯಿಡ್ ಆದಾಗ ಗಂಜಿ ತಂದವಳು. ಅವಳ ಹಸುವೋ ಬತ್ತಿ ಎರಡು ತಿಂಗಳು. ಒಬ್ಬರ ಮೇಲೆ ಅನುಮಾನ ಹುಟ್ಟಿದರೆ ಅವರ ಒಳ್ಳೆಯತನವೂ ಸಾಕ್ಷಿ ಹೇಳಲು ಬಂದುಬಿಡುತ್ತದೆ. ಅಷ್ಟು ಗಂಜಿ ತಂದಳಲ್ಲ, ಯಾಕೆ ತಂದಳು ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದು ನಾನೇ ಎಂದು ಈಗ ಬರೆಯುವಾಗಲೂ ಗಾಬರಿಯಾಗುತ್ತದೆ.

ಮುಂದಿನ ಭಾನುವಾರ ಹೊಟ್ಟೆನೋವು ಎಂದೆ. ಎಲಿಸಮ್ಮ ಒಬ್ಬಳೇ ಬಸ್ಸು ಹತ್ತಿದಳು. ನಾನು ಕರುವಿಗೆ ಕುಕ್ಕೆ ಹಾಕಿ, ಕೊಟ್ಟಿಗೆಯ ಮೇಲಿನ ಅಟ್ಟ ಹತ್ತಿದೆ. ಕೊಬ್ಬರಿಯಾಗಲೆಂದು ವರ್ಷದ ಕಾಯಿ ಪೇರಿಸಿಟ್ಟ ಅಟ್ಟ. ಅದರ ಮೇಲೆ ಬೋರಲು ಮಲಗಿ ಹೊಂಚು ಹಾಕುವ ಸುಖ ವೈರಿಗೂ ಬೇಡ. ಒಂದೊಂದು ಪಕ್ಕೆಲುಬಿಗೆ ಒಂದೊಂದು ಕಾಯಿ. ಅಲ್ಲಾಡುವಂತಿಲ್ಲ, ಅಲ್ಲಾಡಿದರೆ ಒಳಗೆ ಒಣಗಿದ ಕೊಬ್ಬರಿ ಗಿಟುಕು ಗುಡುಗುಡು ಅನ್ನುತ್ತದೆ. ಇಡೀ ಆರಾಧನೆಯ ಹೊತ್ತನ್ನು ಹಾಗೆ ಕಳೆದೆ. ಕೆಳಗೆ ಕರು ಬಿಡದೆ ಕೂಗುತ್ತಿತ್ತು, ಅಟ್ಟದಲ್ಲಿದ್ದ ನನ್ನ ವಾಸನೆ ಹಿಡಿದಿದೆ ಎಂದುಕೊಂಡೆ.

ಗೌರಕ್ಕ ಬಂದಳು. ಕೈಯಲ್ಲಿ ಚೊಂಬಿಲ್ಲ. ನೀರಿಟ್ಟಳು, ಹುಲ್ಲು ಹಾಕಿದಳು. ಕರು ಅವಳನ್ನು ಕಂಡದ್ದೇ ಅಂಬಾ ಎನ್ನುತ್ತಾ ಕುಣಿಯತೊಡಗಿತು. ಅವಳು ಸಲೀಸಾಗಿ ಕುಕ್ಕೆ ಬಿಚ್ಚಿ, "ಬಾರವ್ವ, ಅತ್ತಿದ್ದು ಸಾಕು. ಎರಡೇ ಮೊಲೆ ಕಣೇ, ಮಿಕ್ಕಿದ್ದು ಮೇಷ್ಟ್ರ ಮನೆಗೆ" ಎಂದಳು.

ಅಳುವುದು? ನಾವು ಹೋದ ಮೇಲೆ ಅದು ವಾರವಾರವೂ ಪಕ್ಕದ ತೋಟಕ್ಕೆ ಕೇಳುವಷ್ಟು ಅಳುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಆ ಹೊತ್ತಿನಲ್ಲಿ ನಾನು ತಿಪಟೂರಿನಲ್ಲಿ ಕೀರ್ತನೆ ಹಾಡುತ್ತಿರುತ್ತಿದ್ದೆ. ಕಳ್ಳತನ ಕಂಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಅಷ್ಟಕ್ಕೇ ಮುಗಿಯಲಿಲ್ಲ. ಕರು ಕುಡಿದ ಮೇಲೆ ಅದರ ಬಾಯಿಯ ನೊರೆ ಸೆರಗಿನಿಂದ ಒರೆಸಿ, ಕುಕ್ಕೆಯನ್ನು ನಾನು ಹಾಕುವ ಗಂಟಿನಲ್ಲೇ ಮತ್ತೆ ಕಟ್ಟಿದಳು. "ಮೇಷ್ಟ್ರಿಗೆ ಹೇಳ್ಬ್ಯಾಡ ಕಣವ್ವ. ದೇವ್ರಿಗೆ ಕೈ ಮುಗ್ದು ಬಂದಿರ್ತಾರೆ. ಕರ ಅಳ್ತಿತ್ತು ಅಂತ ಗೊತ್ತಾದ್ರೆ ಪಾಪ, ನೊಂದ್ಕಂತಾರೆ" ಎಂದಳು.

ನಾನು ಅಲ್ಲಾಡಿಬಿಟ್ಟೆ, ಕೆಳಗಿದ್ದ ಕಾಯಿಗಳೂ ಸುಮ್ಮನಿರಲಿಲ್ಲ. ಗೌರಕ್ಕ ತಲೆಯೆತ್ತಿ, "ಥೂ, ಹೆಗ್ಗಣ ಸೇರ್ಕಂಡೈತೆ" ಎಂದು ಗೊಣಗಿ ಹೊರಟುಹೋದಳು. ಸಂಜೆ ಬಂದು, "ನಿಮ್ಮ ಅಟ್ಟದಾಗೆ ದೊಡ್ಡ ಹೆಗ್ಗಣ ಐತೆ ಕಣ್ರೀ ಮೇಷ್ಟ್ರೇ, ಬೋನು ಇಡ್ರಿ" ಎಂದೂ ಹೇಳಿದಳು. ನಾನು ಅವಳ ಮುಖ ನೋಡದೆ ಆಗಲಿ ಎಂದೆ.

ಎಲಿಸಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ತಾನೇ ಹೆಣೆದ ಕುಕ್ಕೆಯನ್ನು ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು. ಮರುವಾರ ಕರುವನ್ನು ಹಾಗೇ ಬಿಟ್ಟು ಇಬ್ಬರೂ ಚರ್ಚಿಗೆ ಹೋದೆವು.

ಆರಾಧನೆ ಮುಗಿದು ಅಂಗಳದಲ್ಲಿ ನಿಂತಿದ್ದಾಗ ಫೋನು ಬಂತು. ಗೌರಕ್ಕನ ದನಿಯಲ್ಲಿ ಆತಂಕವಿತ್ತು. "ಮೇಷ್ಟ್ರೇ, ಕರ ಕುಕ್ಕೆ ಬಿಚ್ಕಂಡು ಬೆಳಗ್ಗಿಂದ ಕುಡೀತಾ ಐತೆ! ಸಂಜಿಗೆ ನಿಮಗೊಂದು ತೊಟ್ಟೂ ಸಿಗಾಕಿಲ್ಲ. ಕಟ್ಟಾಕ್ಲಾ?"

"ಇರಲಿ ಬುಡು ಗೌರಕ್ಕ, ಕುಡೀಲಿ" ಎಂದೆ.

ಫೋನಿನಲ್ಲಿ ಕೆಂಪಿ ಹುಲ್ಲು ಮೆಲ್ಲುವ ಸದ್ದು ಕೇಳಿಸಿತು. ಗೂಟದಲ್ಲಿ ನೇತಾಡುವ ಕುಕ್ಕೆ ಅವಳ ಕಣ್ಣಿಗೆ ಬಿದ್ದಿರಬೇಕು.

"ಅಂಗಾರೆ ಮೇಷ್ಟ್ರೇ," ಎಂದಳು ನಿಧಾನವಾಗಿ, "ಅವತ್ತು ಅಟ್ಟದ ಮ್ಯಾಲಿದ್ದಿದ್ದು ಹೆಗ್ಗಣ ಅಲ್ವಾ?"

ಅಷ್ಟು ಜನರ ನಡುವೆ, ಚರ್ಚಿನ ಅಂಗಳದಲ್ಲಿ, ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಹೆಗ್ಗಣವೇ ಗೌರಕ್ಕ," ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲಿಲ್ಲ.