ನಯವಾದ ಗೆರೆ

ತಂತಿಯಕ್ಕ ಎಂದರೆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷದಿಂದ ಆ ದೊಡ್ಡ ಯಂತ್ರದ ತಂತಿ, ಅಳತೆಯ ಉಪಕರಣ ಎಲ್ಲ ಅವಳ ಕೈಯಲ್ಲೇ. ಸೂರ್ಯನ ಒಡಲಿಗಿಂತ ಬಿಸಿಯಾದ ಅನಿಲವನ್ನು ಗೋಡೆಗೆ ತಾಗದ ಹಾಗೆ ಅಯಸ್ಕಾಂತಗಳ ಬಲದಿಂದ ಹಿಡಿದಿಡುವ ಯಂತ್ರ ಅದು. ಹಿಡಿದಿಟ್ಟಷ್ಟೂ ಅಂಚಿನಲ್ಲಿ ಒತ್ತಡ ಹೆಚ್ಚಿ, ಹಾಲುಕ್ಕಿದಂತೆ ಬಿಸಿ ಹೊರಚೆಲ್ಲುವುದುಂಟು. ಚೆಲ್ಲಿ, ತಣಿದು, ಮತ್ತೆ ಉಕ್ಕುವುದು, ಲೆಕ್ಕ ತಪ್ಪದೆ. ಈ ಯಂತ್ರದಲ್ಲಿ ಮಾತ್ರ ಅದಾಗದು ಎಂದೇ ಎಲ್ಲರ ಎಣಿಕೆ.

ಎರಡು ವರ್ಷದ ಹಿಂದೆ, ಬಿಸಿ ತಡೆಯಲೆಂದು ಯಂತ್ರದ ತಳಕ್ಕೆ ಹಾಸಿದ್ದ ಹಂಚುಗಳ ಬಳಿಯ ಉಪಕರಣ ಮುಳ್ಳುಮುಳ್ಳಾದ ಗೆರೆ ಬರೆಯತೊಡಗಿದಾಗ ತಂತಿಯಕ್ಕನಿಗೆ ಮೈಯೆಲ್ಲ ಉರಿಯಿತು. ಅವಳ ಗೆರೆಯಲ್ಲಿ ಕೊಳೆಯೇ! ಪಕ್ಕದ ಪಂಪಿನ ಅದುರು ಎಂದು ತಾನೇ ತೀರ್ಮಾನಿಸಿ, ಮುಳ್ಳುಗಳನ್ನು ಸವರಿಹಾಕುವ ಬೆರಳುದ್ದದ ಫಿಲ್ಟರೊಂದನ್ನು ಬೆಸೆದಳು. ಯಾರಿಗೂ ಹೇಳಲಿಲ್ಲ. ಗೆರೆ ನಯವಾಯಿತು, ನಿರ್ದೇಶಕರು ಬೆನ್ನು ತಟ್ಟಿದರು. ಕೆಲಸ ಬಲ್ಲವರ ಹಟಕ್ಕೆ ಮದ್ದಿಲ್ಲ ನೋಡಿ.

ಈ ಸಲ ಯಂತ್ರ ಬಿಚ್ಚಿದರೆ, ಮತ್ತೆ ಮತ್ತೆ ಉಕ್ಕಿ ಚೆಲ್ಲಿದ ಬಿಸಿಗೆ ತಳದ ಹಂಚುಗಳ ಅಂಚು ಕರಗಿ ಇಳಿದಿತ್ತು. ಆ ನಯವಾದ ಗೆರೆಯನ್ನೇ ನಂಬಿ ಬಿಸಿ ಏರಿಸಿದ್ದ ಕಿರಿಯ ವಿಜ್ಞಾನಿಯ ತಲೆಗೆ ತಪ್ಪನ್ನೆಲ್ಲ ಕಟ್ಟಿದರು. ಸೋಮವಾರ ವಿಚಾರಣೆ. ಅವನ ಕೆಲಸ ಹೋಗುವುದು ಖಚಿತವೆಂದು ಕ್ಯಾಂಟೀನಿನಲ್ಲೇ ತೀರ್ಪಾಗಿತ್ತು.

"ನಿವೃತ್ತಿಗೆ ನಾಲ್ಕೇ ತಿಂಗ್ಳು. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯ? ಸುಮ್ನಿರು," ಎಂದ, ರಾತ್ರಿ ಅವಳ ಬಾಯಿಂದ ಎಲ್ಲ ಕೇಳಿದ ಗಂಡ, ಅವಳ ಒಳ್ಳೆಯದಕ್ಕೇ.

ಅವಳಿಗೆ ಊಟ ಸೇರಲಿಲ್ಲ. ಸೋಮವಾರ ಫಿಲ್ಟರನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ತಂದು ವಿಚಾರಣೆಯ ಮೇಜಿನ ಮೇಲಿಟ್ಟಳು.

"ತಪ್ಪು ಇವ್ರದ್ದಲ್ಲ ಸರ್, ನಂದು. ಮುಳ್ಳು ಬರ್ತಿತ್ತು. ನಾನೇ ಅಳಿಸ್ದೆ."

ನಿರ್ದೇಶಕರೇ ಅವಳಿಗೊಂದು ದಾರಿ ಬಿಟ್ಟುಕೊಟ್ಟರು. "ಪಕ್ಕದ ಪಂಪಿನ ಅದುರು ಅಂದ್ಕೊಂಡ್ರಿ, ಅಲ್ವಾ? ಯಾರಾದ್ರೂ ಹಾಗೇ ಅಂದ್ಕೋತಿದ್ರು ಬಿಡಿ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕಿರಿಯ ವಿಜ್ಞಾನಿಯನ್ನು ನೋಡಿದಳು. ವಾರದಲ್ಲೇ ಮುಖ ಬಾಡಿಹೋಗಿತ್ತು. ಅವಳಿಗೆ ನಾಚಿಕೆಯಾಯಿತು.

"ಇಲ್ಲ ಸರ್. ಫಿಲ್ಟರ್ ಹಾಕೋ ಮುಂಚೆ ಒಂದ್ಸಲ ಪಂಪ್ ನಿಲ್ಸಿ ನೋಡಿದ್ದೆ. ಆಗ್ಲೂ ಮುಳ್ಳು ಬರ್ತಿತ್ತು."

ನಡಾವಳಿ ಬರೆಯುತ್ತಿದ್ದ ಗುಮಾಸ್ತೆ, ಇದನ್ನೂ ಸೇರಿಸಬೇಕೇ ಎಂಬಂತೆ ಪೆನ್ನೆತ್ತಿ ಕುಳಿತಳು.

"ಬರ್ಕೊಳ್ಳಮ್ಮ," ಎಂದಳು ತಂತಿಯಕ್ಕ.