ಸ್ಕೂಲಿಗೆ ಬಂದ ಮುಯ್ಯಾಳು

ತಂಬಾಕು ಮುರಿಯುವ ಕಾಲದಲ್ಲಿ ಪಿರಿಯಾಪಟ್ಟಣ ಸೀಮೆಯ ಹೆಂಗಸಿಗೆ ದಿನಾ ಸ್ಕೂಲಿಗೆ ಬಂದು ಕೂತುಕೊಳ್ಳಿ ಎನ್ನುವುದೂ ಒಂದೇ, ಮಗುವನ್ನು ಕರೆದುಕೊಂಡು ಹೋಗಿ ಎನ್ನುವುದೂ ಒಂದೇ. ನಮ್ಮೂರ ಹೆಡ್‌ಮಾಸ್ಟರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದರು ಎಂದು ನಾನು ಇವತ್ತಿಗೂ ನಂಬಿದ್ದೇನೆ.

“ನಿಮ್ಮ ಮಗಳ ಜೊತೆ ಮನೆಯವರೊಬ್ಬರು ಕ್ಲಾಸಲ್ಲಿ ಕೂತ್ಕೋಬೇಕು. ಆಗಲ್ಲ ಅಂದ್ರೆ ಟಿಸಿ ಕೊಡ್ತೀನಿ, ತಗೊಂಡು ಹೋಗಿ.”

ಆಗ ನನ್ನ ಮಗಳು ಮೂರನೇ ಕ್ಲಾಸು. ಮಾತು ತಡವಾಗಿ ಬಂದಿತ್ತು, ಬಂದದ್ದೂ ನಾಲ್ಕಾರು ಪದ. ಮೈಸೂರಿನ ಡಾಕ್ಟರು, ಇವಳ ಬುದ್ಧಿ ನಿಧಾನವಾಗಿ ಬೆಳೆಯುತ್ತದೆ, ಬೇರೆ ಮಕ್ಕಳ ಜೊತೆ ಬಿಡಿ, ಮನೆಯಲ್ಲಿ ಕೂರಿಸಬೇಡಿ ಎಂದಿದ್ದರು. ಸ್ಕೂಲೆಂದರೆ ಅವಳಿಗೆ ಪ್ರಾಣ. ಆದರೆ ಕೂತಲ್ಲಿ ಕೂರುತ್ತಿರಲಿಲ್ಲ. ಪಕ್ಕದವರ ಸ್ಲೇಟು ಎಳೆದುಕೊಳ್ಳುವಳು, ಬೇಜಾರಾದರೆ ಎದ್ದು ಹೊರಗೆ ಹೊರಡುವಳು. ಒಂದು ಸಲ ಹುಣಸೂರು ರಸ್ತೆಯವರೆಗೆ ಹೋಗಿಬಿಟ್ಟಿದ್ದಳು. ಯಾರೋ ಪುಣ್ಯಾತ್ಮ ಲಾರಿ ನಿಲ್ಲಿಸಿ ಕರೆತಂದು ಬಿಟ್ಟ. ಅದಾದ ಮೇಲೇ ಈ ಮಾತು ಬಂದದ್ದು. ಮೇಷ್ಟರ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಅವಳನ್ನು ಕಳಿಸಿಬಿಟ್ಟರೆ ಭಯವೂ ಹೋಗುತ್ತದೆ ಎಂದುಕೊಂಡರಲ್ಲ, ಅದಕ್ಕೆ ನನ್ನ ಸಿಟ್ಟು.

ಗಂಡ ತಂಬಾಕಿನ ಎಲೆ ಒಣಗಿಸುವ ಬ್ಯಾರನ್ನಿನ ಬೆಂಕಿ ಮುಂದೆ ಕೂತಿದ್ದ. ಎಲೆ ಹದಕ್ಕೆ ಬರುವವರೆಗೆ ಅಲ್ಲಿಂದ ಏಳುವಂತಿಲ್ಲ. “ಬುಡು, ಈ ವರ್ಸ ಮನೇಲಿರ್ಲಿ. ಮುಂದಿನ ವರ್ಸ ನೋಡಾನ” ಅಂದ. ಮುಂದಿನ ವರ್ಷವೂ ತಂಬಾಕು ಇರುತ್ತದೆ, ಬ್ಯಾರನ್ನೂ ಇರುತ್ತದೆ. ಒಮ್ಮೆ ಹೊರಗೆ ಬಂದ ಇಂಥ ಮಗುವನ್ನು ಯಾವ ಮೇಷ್ಟರು ಕರೆದು ಒಳಗೆ ಕೂರಿಸುತ್ತಾರೆ? ನಾನು ಅವನ ಜೊತೆ ಮಾತು ಬಿಟ್ಟೆ.

ನಮ್ಮ ಕಡೆ ತಂಬಾಕಿನ ಸೊಪ್ಪು ಮುರಿಯುವುದೆಲ್ಲ ಮುಯ್ಯಾಳಿನಲ್ಲಿ. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಇಲ್ಲ, ಊಟ ಹೊಲದವರದು. ಆ ದಿನ ಪಕ್ಕದ ಮನೆಯವಳ ಹೊಲದಲ್ಲಿದ್ದೆ. ಅವಳ ಮಗನೂ ನನ್ನ ಮಗಳ ಕ್ಲಾಸೇ. ಇವಳಿಂದ ಪಾಠ ಕೆಡುತ್ತದೆ ಎಂದು ಮೇಷ್ಟರಿಗೆ ದೂರು ಕೊಟ್ಟವರಲ್ಲಿ ಅವಳೂ ಒಬ್ಬಳು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತಿತ್ತು. ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿಯೇಬಿಟ್ಟೆ.

“ನನ್ ಮುಯ್ಯಿ ಒಲದಲ್ಲಿ ತೀರಿಸ್ಬ್ಯಾಡ ಕಣೆ. ನಾಳೀಕೆ ಸ್ಕೂಲಲ್ಲಿ ನನ್ ಮಗಳ ಪಕ್ಕ ಕೂತ್ಕೊ.”

ಅವಳು ಮುರಿದ ಎಲೆಯನ್ನು ಕಂಕುಳಿಗೆ ಸೇರಿಸಿ ಯೋಚಿಸಿದಳು. “ಕೂತ್ಕಳೋದು ಒಂದಾಳಾಯ್ತದಾ?”

ನ್ಯಾಯವಾದ ಪ್ರಶ್ನೆಯೇ. ಮುಯ್ಯಾಳಿನಲ್ಲಿ ಕೆಲಸಕ್ಕೆ ಕೆಲಸ ಸರಿತೂಗಬೇಕು. ಉಳಿದ ಹೆಂಗಸರೂ ಸಾಲು ಬಿಟ್ಟು ಬಂದು ಸೇರಿದರು. ನೆರಳಲ್ಲಿ ಕೂರುವ ಕೆಲಸ, ಅರ್ಧ ಆಳು ಎಂದು ತೀರ್ಮಾನವಾಯಿತು. ನಾನು ಒಂದು ದಿನ ಮುರಿದರೆ ಅವರು ಎರಡು ದಿನ ಕೂರಬೇಕು. ನನಗೆ ಲಾಭವೇ, ಬಾಯಿ ಮುಚ್ಚಿಕೊಂಡು ಒಪ್ಪಿದೆ.

ಮಾರನೆಯ ದಿನ ಪಕ್ಕದ ಮನೆಯವಳು ನಮ್ಮ ಮನೆಯಲ್ಲೇ ರೊಟ್ಟಿ ತಿಂದು, ಮಗಳ ಕೈ ಹಿಡಿದುಕೊಂಡು ಹೋದಳು. ಸಂಜೆ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಳು. ತಲೆಗೂದಲೆಲ್ಲ ಕೆದರಿತ್ತು.

“ಅರ್ಧ ಆಳಲ್ಲ ಕಣೆ, ಪೂರಾ ಆಳು ಇದು. ದಿನಾ ಎಂಗೆ ತಡ್ಕಂಡಿದ್ದೀಯೆ ನೀನು?”

ಅಷ್ಟು ವರ್ಷದಲ್ಲಿ ಆ ಮಾತು ಕೇಳಿದವಳು ಅವಳೊಬ್ಬಳೇ. ನೀರು ತರುವ ನೆವದಲ್ಲಿ ಒಳಗೆ ಹೋಗಿ ಅತ್ತೆ.

ಹೀಗೆ ಸರದಿ ಶುರುವಾಯಿತು. ದಿನಕ್ಕೊಬ್ಬಳು ಬಂದು ಮಗಳ ಪಕ್ಕ ಕೂರುವುದು ಮೇಷ್ಟರಿಗೆ ಹಿಡಿಸಲಿಲ್ಲ. ಶಾಲಾ ಸಮಿತಿಯ ಸಭೆ ಕರೆದರು. “ಮನೆಯವರು ಬನ್ನಿ ಅಂದ್ರೆ ಬೀದಿಯವರನ್ನ ಕಳಿಸ್ತಾರೆ. ಇದೇನು ಸ್ಕೂಲಾ, ಸಂತೆನಾ?” ಎಂದು ಅಧ್ಯಕ್ಷರ ಮುಂದೆ ಇಟ್ಟರು. ಡಾಕ್ಟರು ಹೇಳಿದ್ದು, ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂದು ಅದೇ ಶಾಲೆಯ ಗೋಡೆಯ ಮೇಲೆ ಬರೆಸಿದ್ದು, ಎಲ್ಲವನ್ನೂ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಎದ್ದು ನಿಂತವಳು ಗೋಡೆಯ ಬರಹದ ಕಡೆ ಬೆರಳು ತೋರಿಸಿ ಮತ್ತೆ ಕೂತೆ. ಜಗಳಕ್ಕೆ ಹಿಂದೆಗೆಯುವವಳಲ್ಲ ನಾನು. ಆದರೆ ಇಲ್ಲಿ ಸೋತರೆ ನಾಳೆಯಿಂದ ಮಗಳು ಮನೆಯಲ್ಲಿ ಎಂಬುದೇ ತಲೆಯಲ್ಲಿತ್ತು.

ಬಾಗಿಲ ಬಳಿ ನಿಂತಿದ್ದ ಪಕ್ಕದ ಮನೆಯವಳು ಸೆರಗು ಸರಿಮಾಡಿಕೊಂಡು, ಮೇಷ್ಟರನ್ನು ಬಿಟ್ಟು ಅಧ್ಯಕ್ಷರ ಕಡೆಗೇ ತಿರುಗಿದಳು.

“ಮುಯ್ಯಾಳು ಬಂದೋರು ಅವತ್ತು ಆ ಮನೆಯೋರೇ ಅಲ್ವ್ರಾ? ಆ ಮನೇಲೇ ಉಣ್ತೀವಿ, ನಮ್ದೇ ಒಲ ಅಂದ್ಕಂಡು ಗೇಯ್ತೀವಿ. ನಿಮ್ಮೊಲಕ್ಕೆ ಬಂದಾಗ ನಾವು ಬೀದಿಯೋರಾ?”

ಅಧ್ಯಕ್ಷರ ಹೊಲದಲ್ಲಿ ಮರುದಿನವೇ ಸೊಪ್ಪು ಮುರಿಯುವುದಿತ್ತು. ಮೀಸೆ ಸವರಿಕೊಂಡರು. “ಇರ್ಲಿ ಬುಡಿ ಮೇಷ್ಟ್ರೇ, ಮನೆಯೋರೇ ಅಂದ್ಕಳಿ” ಎಂದರು.

ಹಾಗೆ ಮಗಳು ಏಳನೇ ಕ್ಲಾಸಿನವರೆಗೆ ಓದಿದಳು. ಓದಿದಳು ಎಂದರೆ ಅಕ್ಷರವೇನೂ ತಲೆಗೆ ಹತ್ತಲಿಲ್ಲ. ಸಾಲಿನಲ್ಲಿ ನಿಲ್ಲುವುದು, ತನ್ನ ತಟ್ಟೆ ತಾನೇ ತೊಳೆಯುವುದು, ಜೊತೆಯ ಮಕ್ಕಳನ್ನು ಹೆಸರು ಹಿಡಿದು ಕರೆಯುವುದು ಕಲಿತಳು. ನನಗೆ ಅಷ್ಟು ಸಾಕಿತ್ತು. ಊರವರ ಹೊಲಗಳಲ್ಲಿ ಮುರಿದೂ ಮುರಿದೂ ನಮ್ಮ ಸೊಪ್ಪು ಎಷ್ಟೋ ಸಲ ಗಿಡದಲ್ಲೇ ಬಲಿತು ಕೆಟ್ಟಿತು. ಗಂಡ ಗೊಣಗಿದ, ತಡೆಯಲಿಲ್ಲ.

ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ. ಅಲ್ಲಿಯ ಹೆಡ್‌ಮಾಸ್ಟರು ಒಳ್ಳೆಯ ಮಾತಿನವರು. ಕುರ್ಚಿ ಹಾಕಿಸಿ, ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲಮ್ಮ ಎಂದರು. ಮುಯ್ಯಾಳಿನ ವಿಷಯ ಹೇಳಿದೆ. ಹೊರಗಿನವರನ್ನು ಕ್ಲಾಸಿಗೆ ಬಿಡುವಂತಿಲ್ಲ ಎಂದರು. ಮೇಲಿನ ಆಫೀಸಿಗೆ ಹೋದರೆ ಅವರು ಇನ್ನೊಂದು ಆಫೀಸು ತೋರಿಸಿದರು. ನನಗೆ ಮುಯ್ಯಿ ತೀರಿಸಬೇಕಾದವರು ಪೇಟೆಯಲ್ಲಿ ಯಾರೂ ಇರಲಿಲ್ಲ.

ಆ ಜೂನಿನಲ್ಲಿ ಸ್ಕೂಲು ತೆರೆದ ಬೆಳಿಗ್ಗೆ ಮಗಳು ಗಿಡ್ಡವಾದ ಹಳೆಯ ಯೂನಿಫಾರ್ಮನ್ನು ತಾನೇ ಹಾಕಿಕೊಂಡು, ಪಕ್ಕದ ಮನೆಯ ಬಾಗಿಲಲ್ಲಿ ಹೋಗಿ ನಿಂತಳು. ನಾನು ಕರೆದರೆ ಬರಲಿಲ್ಲ. ಪಕ್ಕದ ಮನೆಯವಳು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು, ಅವಳ ಕೈ ಹಿಡಿದುಕೊಂಡು ನಮ್ಮೂರ ಸ್ಕೂಲಿನ ಗೇಟಿನವರೆಗೆ ಹೋದಳು. ಚಿಕ್ಕ ಮಕ್ಕಳೆಲ್ಲ ಒಳಗೆ ಹೋಗಿ ಪ್ರಾರ್ಥನೆ ಮುಗಿಯುವವರೆಗೆ ಇಬ್ಬರೂ ಹೊರಗೇ ನಿಂತಿದ್ದರಂತೆ. ಆಮೇಲೆ ಕರೆತಂದು ನನ್ನ ಮುಂದೆ ನಿಲ್ಲಿಸಿದಳು.

“ಯಾಕೆ ಒಳೀಕೋಗ್ಬಾರ್ದು ಅಂತ ಮೊಖ ನೋಡ್ತಾಳೆ. ಏನಂತ ಯೋಳ್ಲೆ ಇವಳ್ಗೆ?” ಅಂದಳು.

ಆಫೀಸು ಆಫೀಸಿನಲ್ಲಿ ವಾದ ಮಾಡಿ ಬಂದವಳು ನಾನು. ಮಗಳ ಮುಂದೆ ಕೂತು ಯೂನಿಫಾರ್ಮಿನ ಗುಂಡಿ ಒಂದೊಂದೇ ಬಿಚ್ಚತೊಡಗಿದೆ.